ಕ್ಲೀವ್‌ಲ್ಯಾಂಡ್ ಬ್ರೌನ್ಸ್: 2018ರ ಡ್ರಾಫ್ಟ್‌ನಲ್ಲಿ ಮೊದಲ ಹೆಸರು ಯಾರದಾಗಬೇಕು?

ಎರಿ_ತೀರದ_ಕನ್ನಡಿಗ

ಇದೇ ಏಪ್ರಿಲ್ 26ರ ಗುರುವಾರ ರಾತ್ರಿ ಟೆಕ್ಸಾಸ್‌ನ ಆರ್ಲಿಂಗ್ಟನ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್, ಅಂದರೆ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಕಾರ್ಯಕ್ರಮ, ಆರಂಭವಾಗುತ್ತದೆ. ನಮ್ಮ ಬ್ರೌನ್ಸ್ 2016ರಲ್ಲಿ ಒಂದೇ ಒಂದು ಪಂದ್ಯ ಗೆದ್ದಿತು, 2017ರಲ್ಲಿ ಹದಿನಾರಕ್ಕೆ ಹದಿನಾರನ್ನೂ ಸೋತಿತು. ಹಾಗಾಗಿ ಮೊದಲ ಸರದಿ ನಮ್ಮದು. ಕಳೆದ ವರ್ಷ ಹ್ಯೂಸ್ಟನ್ ತಂಡವು ಡೆಷಾನ್ ವಾಟ್ಸನ್‌ರನ್ನು ಪಡೆಯಲು ನಮ್ಮ 12ನೇ ಸರದಿಯನ್ನು ಕೊಂಡು, ಬದಲಿಗೆ ಈ ವರ್ಷದ ತನ್ನ ಮೊದಲ ಸುತ್ತಿನ ಹಕ್ಕನ್ನು ನಮಗೆ ಬಿಟ್ಟುಕೊಟ್ಟದ್ದರಿಂದ ನಾಲ್ಕನೇ ಸರದಿಯೂ ನಮ್ಮದೇ. ಎರಡನೇ ಸುತ್ತಿನಲ್ಲಿ 33, 35 ಮತ್ತು 64 ನಮ್ಮ ಕೈಯಲ್ಲಿವೆ. ಇಷ್ಟು ಸಂಪತ್ತು ಈ ಸಲ ಬೇರೆ ಯಾವ ತಂಡಕ್ಕೂ ಇಲ್ಲ.

1999ರಲ್ಲಿ ತಂಡ ಮತ್ತೆ ಹುಟ್ಟಿಕೊಂಡಾಗಿನಿಂದ ಕಳೆದ ಋತುವಿನವರೆಗೆ 28 ಮಂದಿ ಕ್ವಾರ್ಟರ್‌ಬ್ಯಾಕ್‌ಗಳು (ಚೆಂಡು ಎಸೆದು ದಾಳಿ ನಡೆಸುವವರು) ನಮಗಾಗಿ ಪಂದ್ಯ ಆರಂಭಿಸಿದ್ದಾರೆ. ಈ ಒಂದು ಸ್ಥಾನ ಸರಿಯಾಗದೆ ಉಳಿದ ಯಾವ ಆಯ್ಕೆಯೂ ಫಲ ಕೊಡದು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ನನ್ನ ಮತ ಓಕ್ಲಹೋಮಾ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಬೇಕರ್ ಮೇಫೀಲ್ಡ್‌ಗೆ, ಅದೂ ಮೊದಲ ಸರದಿಯಲ್ಲೇ. ಕಳೆದ ಋತುವಿನಲ್ಲಿ ಅವರ ಎಸೆತಗಳಲ್ಲಿ ನೂರಕ್ಕೆ 70.5 ಗುರಿ ಮುಟ್ಟಿದವು. 43 ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ತರುವುದು) ಎಸೆದು ಎದುರಾಳಿಗೆ ಒಪ್ಪಿಸಿದ್ದು ಆರು ಎಸೆತಗಳನ್ನು ಮಾತ್ರ. ಪತ್ರಕರ್ತರೆಲ್ಲ ಯುಎಸ್‌ಸಿ ವಿಶ್ವವಿದ್ಯಾಲಯದ ಸ್ಯಾಮ್ ಡಾರ್ನಲ್ಡ್ ಅಥವಾ ವಯೊಮಿಂಗ್‌ನ ಜಾಷ್ ಆಲನ್ ಎಂದೇ ಬರೆಯುತ್ತಿದ್ದಾರೆ. ನಿಮ್ಮ ಅಭಿಪ್ರಾಯವನ್ನು ಕಾರಣ ಸಹಿತ ತಿಳಿಸಿ.

ಕೊಲಂಬಸ್_ವಾಸಿ

ಖಂಡಿತ ಬೇಡ. ಕಳೆದ ಸೆಪ್ಟೆಂಬರ್‌ನಲ್ಲಿ ನಮ್ಮ ಒಹಾಯೊ ಸ್ಟೇಟ್ ಮೈದಾನದ ನಡುಮಧ್ಯೆ ಓಕ್ಲಹೋಮಾದ ಬಾವುಟ ನೆಟ್ಟವನನ್ನು ಅದೇ ಒಹಾಯೊದ ತಂಡ ಮೆರವಣಿಗೆ ಮಾಡಿ ಕರೆತರಬೇಕೆ?

ಎರಿ_ತೀರದ_ಕನ್ನಡಿಗ

ಬಾವುಟದ ವಿಷಯಕ್ಕೆ ಆತ ಕ್ಷಮೆ ಕೇಳಿಯಾಗಿದೆ. ಆ ಬಾವುಟಕ್ಕೆ ಮುಂಚೆ ನಡೆದ ಪಂದ್ಯವನ್ನೂ ನೆನಪಿಸಿಕೊಳ್ಳಿ ಸರ್. ನಿಮ್ಮದೇ ಅಂಗಳದಲ್ಲಿ, ದೇಶದ ಅತ್ಯುತ್ತಮ ರಕ್ಷಣಾ ಪಡೆಗಳಲ್ಲೊಂದರ ಎದುರು 35ರಲ್ಲಿ 27 ಎಸೆತ ಮುಟ್ಟಿಸಿ, 386 ಗಜ ಗಳಿಸಿ, 31-16ರಿಂದ ಗೆದ್ದು ಹೋದರು. ಕ್ಲೀವ್‌ಲ್ಯಾಂಡಿಗೆ ಬೇಕಾಗಿರುವುದು ಆ ಆಟ.

ಗಜಗಳ_ಲೆಕ್ಕಿಗ

ಮೇಫೀಲ್ಡ್ ಅಂಕಿಗಳನ್ನು ಕಣ್ಣು ಮುಚ್ಚಿ ನಂಬಬಾರದು. ಅವರು ಆಡಿದ ಬಿಗ್ 12 ಎಂಬ ಕಾಲೇಜು ಕೂಟದಲ್ಲಿ ರಕ್ಷಣೆ ಎಷ್ಟು ಸಡಿಲ ಎಂಬುದು ಎಲ್ಲರಿಗೂ ತಿಳಿದದ್ದೇ. ಅಲ್ಲಿ ಬಯಲಿನಲ್ಲಿ ಒಂಟಿಯಾಗಿ ನಿಂತ ಆಟಗಾರನಿಗೆ ಚೆಂಡು ಮುಟ್ಟಿಸಿದ್ದನ್ನೂ, ಎನ್‌ಎಫ್‌ಎಲ್‌ನಲ್ಲಿ ಇಬ್ಬರು ಕಾವಲುಗಾರರ ನಡುವಿನ ಸಂದಿಯಲ್ಲಿ ತೂರಿಸುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಎತ್ತರವೂ 6 ಅಡಿ ಮತ್ತು ಅರ್ಧ ಇಂಚು ಚಿಲ್ಲರೆ ಮಾತ್ರ. ಹಸ್ತದ ಅಗಲ 9.25 ಇಂಚು. ಡಿಸೆಂಬರ್‌ನಲ್ಲಿ ಎರಿ ಸರೋವರದ ಕಡೆಯಿಂದ ಬೀಸುವ ಗಾಳಿಯಲ್ಲಿ, ಹಿಮ ಬಿದ್ದು ಒದ್ದೆಯಾದ ಚೆಂಡನ್ನು ಹಿಡಿದು ನಿಲ್ಲುವ ಕೈ ಬೇಕು. 6 ಅಡಿ 5 ಇಂಚಿನ ಜಾಷ್ ಆಲನ್‌ಗೆ ಅಂಥ ಕೈಯೂ ಇದೆ, ಗಾಳಿಯನ್ನು ಸೀಳಿಕೊಂಡು ಹೋಗುವ ತೋಳೂ ಇದೆ.

ಶಿವಮೊಗ್ಗ_ಟು_ಚಿಕಾಗೊ

ಆಲನ್ ಅವರ ತೋಳಿನ ಬಗ್ಗೆ ತಕರಾರಿಲ್ಲ, ಆದರೆ ಚೆಂಡು ಎಲ್ಲಿ ಹೋಗಿ ಬೀಳುತ್ತದೆ ಎಂಬುದೂ ಮುಖ್ಯವಲ್ಲವೇ? ವಯೊಮಿಂಗ್‌ನಲ್ಲಿ ಅವರ ಎಸೆತಗಳು ಗುರಿ ಮುಟ್ಟಿದ್ದು ನೂರಕ್ಕೆ 56ರಷ್ಟು. ಬಿಗ್ 12ರ ರಕ್ಷಣೆ ಸಡಿಲ ಎನ್ನುವವರು, ಮೌಂಟನ್ ವೆಸ್ಟ್ ಕೂಟದ ರಕ್ಷಣೆ ಅದಕ್ಕಿಂತ ಬಿಗಿ ಎಂದು ಹೇಳಲು ಸಾಧ್ಯವೇ? ಕಳೆದ ವರ್ಷ ದೊಡ್ಡ ಕೂಟದ ತಂಡಗಳ ಎದುರು ವಯೊಮಿಂಗ್ ಅಯೋವಾಗೆ 24-3ರಿಂದಲೂ ಆರೆಗನ್‌ಗೆ 49-13ರಿಂದಲೂ ಸೋತಿತು. ಎತ್ತರ ನೋಡಿ, ತೋಳು ನೋಡಿ ಮರುಳಾಗಿ ಕಾಲೇಜಿನಲ್ಲೇ ಗುರಿ ತಪ್ಪುತ್ತಿದ್ದವರನ್ನು ಮೊದಲ ಸುತ್ತಿನಲ್ಲಿ ಕರೆದ ತಂಡಗಳ ಗತಿ ಏನಾಯಿತು ಎಂಬುದಕ್ಕೆ 2003ರ ಕೈಲ್ ಬೋಲರ್, 2011ರ ಜೇಕ್ ಲಾಕರ್ ಸಾಕ್ಷಿಯಾಗಿದ್ದಾರೆ.

ಗಜಗಳ_ಲೆಕ್ಕಿಗ

ಹಾಗಾದರೆ ಮ್ಯಾಥ್ಯೂ ಸ್ಟ್ಯಾಫರ್ಡ್? ಜಾರ್ಜಿಯಾದಲ್ಲಿ ಅವರದು ನೂರಕ್ಕೆ 57 ಮಾತ್ರ. 2009ರಲ್ಲಿ ಡೆಟ್ರಾಯಿಟ್ ಮೊದಲ ಸರದಿಯಲ್ಲೇ ಕರೆಯಿತು, ಆ ನಿರ್ಧಾರಕ್ಕೆ ಇಂದು ಯಾರೂ ಮರುಗುತ್ತಿಲ್ಲ. ಆಲನ್ ಸುತ್ತ ಎಂಥ ಆಟಗಾರರಿದ್ದರು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕ್ಯಾಲಿಫೋರ್ನಿಯಾದ ಫೈರ್‌ಬಾ ಎಂಬ ಸಣ್ಣ ಊರಿನ ಕೃಷಿಕರ ಮಗ ಆತ. ಪ್ರೌಢಶಾಲೆ ಮುಗಿದಾಗ ಯಾವ ದೊಡ್ಡ ಕಾಲೇಜೂ ಕರೆಯಲಿಲ್ಲ. ರೀಡ್ಲಿಯ ಎರಡು ವರ್ಷದ ಕಾಲೇಜಿನಲ್ಲಿ ಆಡಿ, ತರಬೇತುದಾರರಿಗೆ ತಾನೇ ಪತ್ರ ಬರೆದು ಅವಕಾಶ ಪಡೆದವರು. ಡಾರ್ನಲ್ಡ್, ಯುಸಿಎಲ್‌ಎ ವಿಶ್ವವಿದ್ಯಾಲಯದ ಜಾಷ್ ರೋಸೆನ್ ಅವರಿಗಿಂತ ಇಂಥವರಲ್ಲಿ ಬೆಳೆಯಲು ಜಾಗ ಹೆಚ್ಚಿರುತ್ತದೆ.

ಶಿವಮೊಗ್ಗ_ಟು_ಚಿಕಾಗೊ

ಬೆಳೆಯಲು ಜಾಗವಿದೆ ಎಂಬುದನ್ನು ಒಪ್ಪುತ್ತೇನೆ. ಬ್ರೌನ್ಸ್ ತರಬೇತುದಾರ ಹ್ಯೂ ಜಾಕ್ಸನ್ ಅವರ ಕೆಳಗೆ ಬೆಳೆಯುತ್ತಾರೆ ಎಂಬುದನ್ನು ಒಪ್ಪಲಾರೆ. ಕಳೆದ ವರ್ಷ ಡಿಶೋನ್ ಕೈಜರ್ ಎಂಬ ಎಳೆಯನನ್ನು ಪಂದ್ಯಕ್ಕೆ ಇಳಿಸಿ, ತೆಗೆದು, ಮತ್ತೆ ಇಳಿಸಿ, 22 ಇಂಟರ್‌ಸೆಪ್ಷನ್ (ಎದುರಾಳಿಯ ಕೈಸೇರುವ ಎಸೆತ) ಎಸೆಯಿಸಿ, ಕೊನೆಗೆ ಗ್ರೀನ್ ಬೇ ತಂಡಕ್ಕೆ ಸಾಗಹಾಕಿದ್ದು ಇದೇ ತಂಡ. ತಿದ್ದಿ ಬೆಳೆಸಬೇಕಾದವರನ್ನು ಇಲ್ಲಿಗೆ ಕರೆತರುವುದು ಆ ಹುಡುಗನಿಗೇ ಮಾಡುವ ಅನ್ಯಾಯ.

ಬಸವನಗುಡಿ_ವೀಕ್ಷಕ

ನಾನು ಬೆಂಗಳೂರಿನಲ್ಲಿ ಕುಳಿತು ಈ ಆಟವನ್ನು ಇತ್ತೀಚೆಗೆ ನೋಡಲು ಆರಂಭಿಸಿದವನು. ಒಂದು ಸಣ್ಣ ಪ್ರಶ್ನೆ. ಐಪಿಎಲ್‌ನಲ್ಲಿ ಇರುವಂತೆ ಹರಾಜು ಇಲ್ಲಿ ಏಕಿಲ್ಲ? ಮೇಫೀಲ್ಡ್ ಬೇಕಾದರೆ ಬ್ರೌನ್ಸ್ ಹೆಚ್ಚು ಹಣ ಕೂಗಿ ಕೊಳ್ಳಬಹುದಲ್ಲ?

ಡೇಟನ್_ದಂಪತಿ

ಇಲ್ಲಿ ಕೂಗುವ ಹಾಗಿಲ್ಲ. ಕಳೆದ ಋತುವಿನಲ್ಲಿ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ, ಸೂಪರ್ ಬೌಲ್ ಗೆದ್ದವರಿಗೆ ಕೊನೆಯ ಸರದಿ, ಹೀಗೆ ಏಳು ಸುತ್ತು ನಡೆಯುತ್ತದೆ. ಸರದಿಯನ್ನು ಮಾತ್ರ ತಂಡಗಳು ಪರಸ್ಪರ ವಿನಿಮಯ ಮಾಡಿಕೊಳ್ಳಬಹುದು. ಆಟಗಾರನಿಗೆ ಸಿಗುವ ಸಂಬಳವೂ ಸರದಿಯ ಸಂಖ್ಯೆಯ ಪ್ರಕಾರ ಬಹುಮಟ್ಟಿಗೆ ಮೊದಲೇ ನಿಗದಿಯಾಗಿರುತ್ತದೆ. 2011ರ ಒಪ್ಪಂದ ಬರುವ ಮೊದಲು ಹಾಗಿರಲಿಲ್ಲ. 2010ರಲ್ಲಿ ಮೊದಲಿಗರಾಗಿ ಬಂದ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಸೇಂಟ್ ಲೂಯಿಸ್ ತಂಡ 5 ಕೋಟಿ ಡಾಲರ್ ಖಾತರಿ ಕೊಡಬೇಕಾಯಿತು. ಮರುವರ್ಷ ಅದೇ ಸ್ಥಾನದಲ್ಲಿ ಬಂದ ಕ್ಯಾಮ್ ನ್ಯೂಟನ್‌ರ ಒಪ್ಪಂದ ಒಟ್ಟು 2.2 ಕೋಟಿ ಡಾಲರ್‌ಗೆ ಇಳಿಯಿತು.

ಈ ಚರ್ಚೆಯ ಮರ್ಮವೂ ಅಲ್ಲೇ ಇದೆ. ನುರಿತ ಕ್ವಾರ್ಟರ್‌ಬ್ಯಾಕ್‌ನ ಸಂಬಳ ಮಾರುಕಟ್ಟೆಯಲ್ಲಿ ಗಗನಕ್ಕೇರಿದೆ. ಡ್ರಾಫ್ಟ್‌ನಲ್ಲಿ ಒಳ್ಳೆಯವನು ದಕ್ಕಿದರೆ ನಾಲ್ಕು ವರ್ಷ ಅಗ್ಗದಲ್ಲಿ ಆಡುತ್ತಾನೆ, ಮೊದಲ ಸುತ್ತಿನವನಾದರೆ ಐದನೇ ವರ್ಷವನ್ನೂ ತಂಡ ಉಳಿಸಿಕೊಳ್ಳಬಹುದು. ಉಳಿದ ಹಣದಲ್ಲಿ ಸುತ್ತಲಿನ ತಂಡವನ್ನೆಲ್ಲ ಕಟ್ಟಬಹುದು. ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ವಿಷಯದಲ್ಲಿ ಈ ಉಳಿತಾಯ ಅಷ್ಟಿಲ್ಲ, ಏಕೆಂದರೆ ಆ ಸ್ಥಾನಕ್ಕೆ ಮಾರುಕಟ್ಟೆಯಲ್ಲೂ ಬೆಲೆ ಕಡಿಮೆ.

ಬಸವನಗುಡಿ_ವೀಕ್ಷಕ

ವಿವರಣೆಗೆ ವಂದನೆಗಳು. ಜನವರಿಯಲ್ಲಿ ನಮ್ಮ ಊರಿನಲ್ಲೇ ನಡೆದ ಹರಾಜಿನಲ್ಲಿ ನಮ್ಮವರೇ ಆದ ಕೆ. ಎಲ್. ರಾಹುಲ್ 11 ಕೋಟಿಗೆ ಪಂಜಾಬಿಗೆ ಹೋದರು, ಮನೀಶ್ ಪಾಂಡೆ ಅಷ್ಟೇ ಹಣಕ್ಕೆ ಹೈದರಾಬಾದಿಗೆ ಹೋದರು. ಆರ್‌ಸಿಬಿ ಅಭಿಮಾನಿಗಳಿಗೆ ಆ ಸಂಕಟ ಇನ್ನೂ ಆರಿಲ್ಲ. ಸರದಿ ನಿಮ್ಮ ಕೈಯಲ್ಲೇ ಇರುವಾಗ ಬೇಕಾದವನನ್ನು ನಾಲ್ಕನೇ ಸರದಿಯವರೆಗೆ ಕಾಯುತ್ತ ಕೂರುವುದು ನನಗಂತೂ ಅರ್ಥವಾಗುವುದಿಲ್ಲ.

ಪೆನ್_ಸ್ಟೇಟ್_ಮಾಜಿ

ಕಾಯಬೇಕು ಎನ್ನುವವರಲ್ಲಿ ನಾನೂ ಒಬ್ಬ, ಕಾರಣ ಪೆನ್ ಸ್ಟೇಟ್‌ನ ರನ್ನಿಂಗ್ ಬ್ಯಾಕ್ ಸೇಕ್ವಾನ್ ಬಾರ್ಕ್ಲಿ. ಈ ಡ್ರಾಫ್ಟ್‌ನ ಅತ್ಯುತ್ತಮ ಆಟಗಾರ ಯಾರು ಎಂದು ಯಾವ ಪರಿಣತರನ್ನು ಕೇಳಿದರೂ ಹೆಚ್ಚಿನವರು ಹೇಳುವ ಹೆಸರು ಅದೇ. ಅವರು 233 ಪೌಂಡ್ ತೂಗುತ್ತಾರೆ, 40 ಗಜವನ್ನು 4.40 ಸೆಕೆಂಡಿನಲ್ಲಿ ಓಡುತ್ತಾರೆ, ನಿಂತಲ್ಲಿಂದ 41 ಇಂಚು ಮೇಲಕ್ಕೆ ಜಿಗಿಯುತ್ತಾರೆ. ಕಳೆದ ವರ್ಷ ಓಟದಲ್ಲಿ 1,271 ಗಜ, ಅದಲ್ಲದೆ 54 ಎಸೆತಗಳನ್ನು ಹಿಡಿದು 632 ಗಜ ಗಳಿಸಿದರು. ಅವರನ್ನು ಬರಿಯ ಓಟಗಾರ ಎನ್ನಲಾಗದು.

ಈಗ ಸರದಿಗಳ ಲೆಕ್ಕ ನೋಡಿ. ಎರಡನೇ ಸರದಿ ನ್ಯೂಯಾರ್ಕ್ ಜೈಂಟ್ಸ್‌ದು, ಮೂರನೆಯದು ಅದೇ ಊರಿನ ಜೆಟ್ಸ್‌ದು. ಅವರಿಬ್ಬರೂ ಕ್ವಾರ್ಟರ್‌ಬ್ಯಾಕ್‌ಗಳನ್ನೇ ಕರೆದರೆಂದು ಇಟ್ಟುಕೊಂಡರೂ ಮೇಫೀಲ್ಡ್, ಡಾರ್ನಲ್ಡ್, ರೋಸೆನ್, ಆಲನ್ ನಾಲ್ವರಲ್ಲಿ ಇಬ್ಬರು ನಮಗೆ ಉಳಿದೇ ಉಳಿಯುತ್ತಾರೆ. ಬಾರ್ಕ್ಲಿಯನ್ನೂ ಪಡೆದು, ಉಳಿದ ಇಬ್ಬರಲ್ಲಿ ಮೆಚ್ಚಿದವನನ್ನೂ ಪಡೆಯುವ ಅವಕಾಶವನ್ನು ಏಕೆ ಕಳೆದುಕೊಳ್ಳಬೇಕು?

ಡೇಟನ್_ದಂಪತಿ

ಏಕೆಂದರೆ ಉಳಿಯುವ ಇಬ್ಬರು ಯಾರು ಎಂಬುದನ್ನು ನಾವು ತೀರ್ಮಾನಿಸುವುದಿಲ್ಲ, ಜೈಂಟ್ಸ್ ಮತ್ತು ಜೆಟ್ಸ್ ತೀರ್ಮಾನಿಸುತ್ತವೆ. ಆರನೇ ಸರದಿಯಿಂದ ಮೂರಕ್ಕೆ ಏರಲು ಜೆಟ್ಸ್ ಕಳೆದ ತಿಂಗಳು ಇಂಡಿಯಾನಾಪೊಲಿಸ್‌ಗೆ ಎರಡನೇ ಸುತ್ತಿನ ಮೂರು ಹಕ್ಕುಗಳನ್ನು ಕೊಟ್ಟಿತು. ಅಷ್ಟು ತೆತ್ತದ್ದು ಕ್ವಾರ್ಟರ್‌ಬ್ಯಾಕ್‌ಗಾಗಿಯೇ. 12 ಮತ್ತು 22ನೇ ಸರದಿಗಳನ್ನು ಕೈಯಲ್ಲಿಟ್ಟುಕೊಂಡಿರುವ ಬಫಲೊ ಕೂಡ ಮೇಲೇರಲು ಹವಣಿಸುತ್ತಿದೆ. ಜೈಂಟ್ಸ್ ತನ್ನ ಎರಡನೇ ಸರದಿಯನ್ನು ಮಾರಿದರೂ ಆಶ್ಚರ್ಯವಿಲ್ಲ. ತಂಡದ ಮುಂದಿನ ಹತ್ತು ವರ್ಷಗಳ ನಾಯಕ ಯಾರು ಎಂಬ ನಿರ್ಧಾರವನ್ನು ನ್ಯೂಯಾರ್ಕಿನವರ ಕೈಗೆ ಬಿಡಲು ನನಗೆ ಮನಸ್ಸಿಲ್ಲ.

ಪೆನ್_ಸ್ಟೇಟ್_ಮಾಜಿ

ನಾಲ್ವರಲ್ಲಿ ಒಬ್ಬನೇ ಎದ್ದು ಕಾಣುತ್ತಿದ್ದರೆ ನಿಮ್ಮ ಮಾತು ಸರಿ. ಆದರೆ ಈ ಚರ್ಚೆಯಲ್ಲೇ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಿದ್ದೀರಿ.

ಎರಿ_ತೀರದ_ಕನ್ನಡಿಗ

ನಮಗೆ ಒಮ್ಮತವಿಲ್ಲ ಎಂದ ಮಾತ್ರಕ್ಕೆ ನಮ್ಮ ತಂಡದ ಜನರಲ್ ಮ್ಯಾನೇಜರ್ ಜಾನ್ ಡಾರ್ಸಿಗೂ ನಿರ್ಧಾರವಿಲ್ಲ ಎಂದಾಗುವುದಿಲ್ಲ. ಆಟಗಾರರನ್ನು ಅಳೆಯುವುದು ಅವರ ಕಸುಬು. ಕಳೆದ ವರ್ಷ ಕ್ಯಾನ್ಸಸ್ ಸಿಟಿಯಲ್ಲಿದ್ದಾಗ ಅವರು ಹತ್ತನೇ ಸರದಿಗೆ ಏರಿ ಪ್ಯಾಟ್ರಿಕ್ ಮಹೋಮ್ಸ್‌ರನ್ನು ಕರೆದರು. ಮಹೋಮ್ಸ್ ಬಂದದ್ದೂ ಇದೇ ಬಿಗ್ 12ರಿಂದ, ಟೆಕ್ಸಾಸ್ ಟೆಕ್‌ನಿಂದ. ಮೇಫೀಲ್ಡ್ ಕಾಲೇಜು ಜೀವನ ಆರಂಭಿಸಿದ್ದೂ ಅಲ್ಲಿಯೇ, ಅದೂ ವಿದ್ಯಾರ್ಥಿವೇತನವಿಲ್ಲದೆ. ಅಲ್ಲಿಂದ ಓಕ್ಲಹೋಮಾಕ್ಕೆ ಹೋದಾಗಲೂ ಯಾರೂ ಕರೆದಿರಲಿಲ್ಲ. ಎರಡು ಕಡೆ ತಾನಾಗಿ ಬಾಗಿಲು ತಟ್ಟಿ, ಎರಡು ಕಡೆಯೂ ಆರಂಭಿಕ ಆಟಗಾರನ ಸ್ಥಾನ ಗೆದ್ದು, ಕೊನೆಗೆ ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿ ಪಡೆದವರು. ಸೋಲೇ ಅಭ್ಯಾಸವಾದ ತಂಡಕ್ಕೆ ಇಂಥವರು ಬೇಕು.

ಬಾರ್ಕ್ಲಿಯ ಪ್ರತಿಭೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಳೆದ ಋತುವಿನಲ್ಲಿ ಇಡೀ ಲೀಗ್‌ನಲ್ಲಿ ಅತಿ ಹೆಚ್ಚು ಗಜ ಓಡಿದ ಕರೀಮ್ ಹಂಟ್ ಮೂರನೇ ಸುತ್ತಿನವರು, ಆಲ್ವಿನ್ ಕಮಾರಾ ಮೂರನೇ ಸುತ್ತಿನವರು, ಲೇವಿಯಾನ್ ಬೆಲ್ ಎರಡನೇ ಸುತ್ತಿನವರು. 2012ರಲ್ಲಿ ನಾವು ಮೂರನೇ ಸರದಿಯನ್ನು ಟ್ರೆಂಟ್ ರಿಚರ್ಡ್‌ಸನ್ ಎಂಬ ರನ್ನಿಂಗ್ ಬ್ಯಾಕ್‌ಗೆ ಕೊಟ್ಟು, ಮರುವರ್ಷದ ಸೆಪ್ಟೆಂಬರ್‌ನಲ್ಲೇ ಅವರನ್ನು ಬೇರೆಯವರಿಗೆ ಒಪ್ಪಿಸಿದೆವು.

ಲೂಯಿವಿಲ್_ಗೃಹಿಣಿ

ಇಷ್ಟು ಹೊತ್ತಿನ ಚರ್ಚೆಯಲ್ಲಿ ಲೂಯಿವಿಲ್‌ನ ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್ ಹೆಸರನ್ನು ಯಾರೂ ಎತ್ತಲೇ ಇಲ್ಲವಲ್ಲ! ನಮ್ಮ ಊರಿನ ಹುಡುಗ ಎಂಬ ಅಭಿಮಾನದಿಂದ ಮಾತ್ರ ಹೇಳುತ್ತಿಲ್ಲ, ಎರಡು ವರ್ಷ ಅವರ ಆಟವನ್ನು ಮೈದಾನದಲ್ಲೇ ಕುಳಿತು ನೋಡಿದವಳಾಗಿ ಹೇಳುತ್ತಿದ್ದೇನೆ. 2016ರಲ್ಲಿ ಹೈಸ್ಮನ್ ಗೆದ್ದರು. ಕಳೆದ ವರ್ಷ ಎಸೆತದಿಂದ 3,660 ಗಜ, ಓಟದಿಂದ 1,601 ಗಜ ಗಳಿಸಿದರು. ಅವರ ವಯಸ್ಸು ಇನ್ನೂ 21. ಆದರೂ ಬಿಲ್ ಪೋಲಿಯನ್ ಅವರಂಥ ಹಿರಿಯರು ಈತ ಎಸೆಯುವುದನ್ನು ಬಿಟ್ಟು ಚೆಂಡು ಹಿಡಿಯುವ ರಿಸೀವರ್ ಆಗಲಿ ಎನ್ನುತ್ತಾರೆ. ನೂರಕ್ಕೆ 56 ಮುಟ್ಟಿಸಿದ ಆಲನ್‌ಗೆ ಸ್ಥಾನ ಬದಲಿಸು ಎಂದು ಯಾರೂ ಹೇಳಲಿಲ್ಲ. ನೂರಕ್ಕೆ 59 ಮುಟ್ಟಿಸಿದ ಲಮಾರ್‌ಗೆ ಏಕೆ ಹೇಳುತ್ತಾರೆ?

ಕಪ್ಪು ವರ್ಣದ ಕ್ವಾರ್ಟರ್‌ಬ್ಯಾಕ್‌ಗಳು ಈ ಮಾತನ್ನು ತಲೆಮಾರುಗಳಿಂದ ಕೇಳುತ್ತ ಬಂದಿದ್ದಾರೆ. 1978ರಲ್ಲಿ ವಾರನ್ ಮೂನ್ ಅವರನ್ನು ಒಂದು ತಂಡವೂ ಕರೆಯಲಿಲ್ಲ. ಅವರು ಕೆನಡಾಕ್ಕೆ ಹೋಗಿ, ಎಡ್ಮಂಟನ್‌ಗೆ ಐದು ಗ್ರೇ ಕಪ್ ಗೆದ್ದುಕೊಟ್ಟು, ಆಮೇಲೆ ಎನ್‌ಎಫ್‌ಎಲ್‌ಗೆ ಬಂದು ಹಾಲ್ ಆಫ್ ಫೇಮ್ ಸೇರಿದರು. ಬ್ರೌನ್ಸ್‌ಗೆ ನಾಲ್ಕರಲ್ಲಿ ಧೈರ್ಯವಿಲ್ಲದಿದ್ದರೆ ಬೇಡ, 22ರ ಸುತ್ತಮುತ್ತ ಎಲ್ಲಾದರೂ ಮೇಲೇರಿ ಈ ಹುಡುಗನನ್ನು ಕರೆಯಲಿ.

ಗಜಗಳ_ಲೆಕ್ಕಿಗ

ಅಮ್ಮಾ, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ನನ್ನ ಅಳುಕು ಅವರ ಮೈಕಟ್ಟಿನ ಬಗ್ಗೆ ಮಾತ್ರ. ಪ್ರತಿ ಪಂದ್ಯದಲ್ಲೂ ಅಷ್ಟು ಸಲ ಓಡಿದರೆ ಎಷ್ಟು ವರ್ಷ ಗಾಯವಿಲ್ಲದೆ ಉಳಿಯುತ್ತಾರೆ?

ಲೂಯಿವಿಲ್_ಗೃಹಿಣಿ

ಲೂಯಿವಿಲ್‌ನ ಮೂರು ವರ್ಷಗಳಲ್ಲಿ ಗಾಯದಿಂದ ಋತು ಕಳೆದುಕೊಂಡವರು ಲಮಾರ್ ಅಲ್ಲ. ಭುಜದ ಪೆಟ್ಟಿನಿಂದ 2016ರ ಅರ್ಧ ಋತು ಕಳೆದುಕೊಂಡವರು ಜಾಷ್ ರೋಸೆನ್. ನಿಂತಲ್ಲೇ ನಿಂತು ಎಸೆಯುವವರಿಗೆ ಪೆಟ್ಟು ಬೀಳುವುದಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ.

ಲಾಸ್_ಏಂಜಲೀಸ್_ಗೌಡ

ರೋಸೆನ್ ಮತ್ತು ಡಾರ್ನಲ್ಡ್ ಇಬ್ಬರೂ ನಮ್ಮ ಊರಿನವರಾದ್ದರಿಂದ ಎರಡು ಮಾತು. ಕೇವಲ ಎಸೆತದ ಸೊಬಗು ನೋಡಿದರೆ ಈ ಗುಂಪಿನಲ್ಲಿ ರೋಸೆನ್‌ಗೆ ಸಮನಿಲ್ಲ. ಕಳೆದ ಸೆಪ್ಟೆಂಬರ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಂ ಎದುರು 44-10ರಿಂದ ಹಿಂದಿದ್ದ ಯುಸಿಎಲ್‌ಎಯನ್ನು 45-44ಕ್ಕೆ ತಂದು ಗೆಲ್ಲಿಸಿದ ಆಟವನ್ನು ನೋಡಿದವರು ಇದನ್ನು ಒಪ್ಪುತ್ತಾರೆ. ಆದರೂ ನನ್ನ ಆಯ್ಕೆ ಯುಎಸ್‌ಸಿಯ ಡಾರ್ನಲ್ಡ್. ಅವರಿಗೆ ಇನ್ನೂ ಇಪ್ಪತ್ತೇ ವರ್ಷ, ಮೇಫೀಲ್ಡ್‌ಗೆ 23. ಇಪ್ಪತ್ತು ತುಂಬುವ ಮೊದಲೇ ರೋಸ್ ಬೌಲ್ ಎಂಬ ದೊಡ್ಡ ಕಾಲೇಜು ಪಂದ್ಯದಲ್ಲಿ ಪೆನ್ ಸ್ಟೇಟ್ ಎದುರು ಕೊನೆಯ ಘಳಿಗೆಯಲ್ಲಿ ತಂಡವನ್ನು ಮೇಲೆತ್ತಿ 52-49ರಿಂದ ಗೆಲ್ಲಿಸಿದವರು. ಸೋತರೂ ಗೆದ್ದರೂ ಮುಖಭಾವ ಬದಲಾಗುವುದಿಲ್ಲ. ಅನುಭವಿ ಕ್ವಾರ್ಟರ್‌ಬ್ಯಾಕ್ ಟೈರಾಡ್ ಟೇಲರ್ ಈಗಾಗಲೇ ಕ್ಲೀವ್‌ಲ್ಯಾಂಡಿಗೆ ಬಂದಿರುವುದರಿಂದ ಡಾರ್ನಲ್ಡ್ ಒಂದು ವರ್ಷ ಪಕ್ಕದಲ್ಲಿ ಕುಳಿತು ಕಲಿಯಬಹುದು.

ಪೆನ್_ಸ್ಟೇಟ್_ಮಾಜಿ

ಆ ರೋಸ್ ಬೌಲ್ ನೆನಪಿಸಬೇಡಿ ಸ್ವಾಮಿ. ಬಾರ್ಕ್ಲಿ ಆಡಿದ ಅದ್ಭುತ ಆಟವೆಲ್ಲ ಅಂದು ವ್ಯರ್ಥವಾಯಿತು.

ಶಿವಮೊಗ್ಗ_ಟು_ಚಿಕಾಗೊ

ಪೆನ್ ಸ್ಟೇಟ್‌ನವರೇ, ಬಾರ್ಕ್ಲಿ ಅಷ್ಟು ಆಡಿದರೂ ಎದುರಿನ ಕ್ವಾರ್ಟರ್‌ಬ್ಯಾಕ್ ಗೆದ್ದು ಹೋದದ್ದು ಮೊದಲ ಸರದಿಯ ಪ್ರಶ್ನೆಗೆ ಉತ್ತರವೇ ಅಲ್ಲವೇ? ಇನ್ನು ಡಾರ್ನಲ್ಡ್ ಅವರ ಎರಡನೇ ವರ್ಷದ ಬಗ್ಗೆ ಗೌಡರು ಮೌನವಾಗಿದ್ದಾರೆ. ಮೊದಲ ವರ್ಷ 9 ಇದ್ದ ಇಂಟರ್‌ಸೆಪ್ಷನ್‌ಗಳು ಕಳೆದ ವರ್ಷ 13ಕ್ಕೆ ಏರಿದವು, ಒತ್ತಡದಲ್ಲಿ ಚೆಂಡು ಕೈಜಾರುವುದೂ ಹೆಚ್ಚಾಯಿತು. ಮೇಫೀಲ್ಡ್ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತ ಬಂದವರು. ಎತ್ತರದ ಮಾತನ್ನು ಮತ್ತೆ ಎತ್ತುವವರಿಗೆ ಕುಳ್ಳಗಿದ್ದೂ ಯಶಸ್ವಿಯಾದ ಡ್ರೂ ಬ್ರೀಸ್, ರಸಲ್ ವಿಲ್ಸನ್ ಎಂಬ ಎರಡು ಹೆಸರು ಸಾಕು. ವಿಲ್ಸನ್‌ರನ್ನು 2012ರಲ್ಲಿ ಸಿಯಾಟಲ್ 75ನೇ ಸರದಿಯಲ್ಲಿ ಕರೆಯಿತು. ಅದೇ ವರ್ಷ ನಾವು 22ನೇ ಸರದಿಯಲ್ಲಿ ಕರೆದದ್ದು 28 ವರ್ಷದ, 6 ಅಡಿ 3 ಇಂಚಿನ ಬ್ರ್ಯಾಂಡನ್ ವೀಡನ್‌ರನ್ನು.

ಕೊಲಂಬಸ್_ವಾಸಿ

ಬ್ರೀಸ್, ವಿಲ್ಸನ್ ಹೆಸರು ಹೇಳುವಾಗ ಜಾನಿ ಮ್ಯಾನ್‌ಜೆಲ್ ಹೆಸರನ್ನು ನೀವೆಲ್ಲ ಏಕೆ ನುಂಗಿಕೊಳ್ಳುತ್ತೀರಿ? ಅವರೂ ಕುಳ್ಳಗಿದ್ದರು, ಅವರೂ ಹೈಸ್ಮನ್ ಗೆದ್ದಿದ್ದರು, ಅವರಿಗೂ ಮೈದಾನದಲ್ಲಿ ಅಬ್ಬರವಿತ್ತು. 2014ರಲ್ಲಿ ನಮ್ಮ ತಂಡಕ್ಕೆ ಬಂದು 2016ರ ಮಾರ್ಚ್‌ನಲ್ಲಿ ಹೊರಬಿದ್ದರು. ಕ್ಯಾನ್ಸಸ್ ಪಂದ್ಯದಲ್ಲಿ ಮೇಫೀಲ್ಡ್ ಎದುರಾಳಿಗಳತ್ತ ಮಾಡಿದ ಅಸಭ್ಯ ಸನ್ನೆಯನ್ನು ದೇಶವೆಲ್ಲ ದೂರದರ್ಶನದಲ್ಲಿ ನೋಡಿದೆ.

ಎರಿ_ತೀರದ_ಕನ್ನಡಿಗ

ಆ ಸನ್ನೆಯನ್ನು ಸಮರ್ಥಿಸುವುದಿಲ್ಲ. ಆದರೆ ಮ್ಯಾನ್‌ಜೆಲ್ ಕಾಲೇಜಿನಲ್ಲಿ ಆಡಿದ್ದು ಎರಡೇ ಋತು, ಆಟದ ಪುಸ್ತಕವನ್ನು ಕಲಿಯುವ ಶ್ರದ್ಧೆ ಅವರಲ್ಲಿರಲಿಲ್ಲ ಎಂಬುದು ಆಮೇಲೆ ಎಲ್ಲರಿಗೂ ಗೊತ್ತಾಯಿತು. ಮೇಫೀಲ್ಡ್ ಓಕ್ಲಹೋಮಾದಲ್ಲಿ ಮೂರು ವರ್ಷ ಆರಂಭಿಕ ಆಟಗಾರರಾಗಿದ್ದರು, ಮೂರು ವರ್ಷವೂ ತಂಡ ಬಿಗ್ 12 ಗೆದ್ದಿತು. ಜೊತೆಗಾರರು ಅವರನ್ನು ಪ್ರೀತಿಸುತ್ತಿದ್ದರು. ಎತ್ತರ ಮತ್ತು ಗದ್ದಲ ಹೋಲುತ್ತವೆ ಎಂಬ ಕಾರಣಕ್ಕೆ ಇಬ್ಬರು ಬೇರೆ ಬೇರೆ ಮನುಷ್ಯರನ್ನು ಒಂದೇ ಮಾಡಬೇಡಿ.

ಮಂಗಳೂರು_ಮೂಲ_ಅಕ್ರನ್

ಮಾರಾಯರೇ, ನಾಲ್ಕನೇ ಸರದಿಯ ಕಥೆ ಏನು? ಅದನ್ನು ಬಫಲೊಗೆ ಮಾರಿ 12 ಮತ್ತು 22 ಎರಡನ್ನೂ ತೆಗೆದುಕೊಂಡರೆ ಒಳ್ಳೆಯದಲ್ಲವೇ? ಜೋ ಥಾಮಸ್ ನಿವೃತ್ತರಾಗಿದ್ದಾರೆ. 10,363 ಸ್ನ್ಯಾಪ್‌ಗಳನ್ನು (ಪಂದ್ಯದೊಳಗಿನ ಒಂದೊಂದು ಬಿಡಿ ಆಟ) ಒಂದನ್ನೂ ತಪ್ಪಿಸದೆ ಸತತವಾಗಿ ಆಡಿದ, ಕ್ವಾರ್ಟರ್‌ಬ್ಯಾಕ್‌ನ ಎಡಬದಿ ಕಾಯುವ ಲೆಫ್ಟ್ ಟ್ಯಾಕಲ್‌ನ ಜಾಗ ತುಂಬಲು ಯಾರಾದರೂ ಬೇಕಲ್ಲ.

ಡೇಟನ್_ದಂಪತಿ

ದಯವಿಟ್ಟು ಮಾರುವ ಮಾತು ಬೇಡ. 2011ರಲ್ಲಿ ಆರನೇ ಸರದಿಯನ್ನು ಅಟ್ಲಾಂಟಾಕ್ಕೆ ಮಾರಿದೆವು. ಅವರು ಹೂಲಿಯೊ ಜೋನ್ಸ್‌ರನ್ನು ಕರೆದರು, ನಮಗೆ ಸಿಕ್ಕ ಐದು ಹಕ್ಕುಗಳಲ್ಲಿ ಒಂದು ಮೇಲೆ ಹೇಳಿದ ವೀಡನ್ ಆಗಿ ಪರಿಣಮಿಸಿತು. 2016ರಲ್ಲಿ ಎರಡನೇ ಸರದಿಯನ್ನು ಫಿಲಡೆಲ್ಫಿಯಾಕ್ಕೆ ಮಾರಿದೆವು, ಅವರು ಕಾರ್ಸನ್ ವೆಂಟ್ಜ್‌ರನ್ನು ಪಡೆದು ಈ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದರು. ಮರುವರ್ಷ ವಾಟ್ಸನ್‌ರನ್ನು ಬಿಟ್ಟೆವು. ಹಕ್ಕುಗಳನ್ನು ಕೂಡಿಡುವುದರಲ್ಲಿ ನಮ್ಮ ತಂಡದಷ್ಟು ನಿಪುಣರಿಲ್ಲ. ಈ ಸಲ ಆಟಗಾರರು ಬೇಕು.

ಗಜಗಳ_ಲೆಕ್ಕಿಗ

ಒಂದು ತಿದ್ದುಪಡಿ. ಸೂಪರ್ ಬೌಲ್ ದಿನ ವೆಂಟ್ಜ್ ಮೊಣಕಾಲಿನ ಗಾಯದಿಂದ ಹೊರಗಿದ್ದರು. ಪೇಟ್ರಿಯಟ್ಸ್ ಎದುರು 41-33ರಿಂದ ಗೆಲ್ಲಿಸಿದವರು 2012ರ ಮೂರನೇ ಸುತ್ತಿನ ನಿಕ್ ಫೋಲ್ಸ್. ಕ್ವಾರ್ಟರ್‌ಬ್ಯಾಕ್ ಮೊದಲ ಸರದಿಯಲ್ಲೇ ಸಿಗಬೇಕೆಂದಿಲ್ಲ ಎಂಬುದಕ್ಕೂ ಅದೇ ಪಂದ್ಯ ಉದಾಹರಣೆ.

ಡೇಟನ್_ದಂಪತಿ

ಫೋಲ್ಸ್ ಆಡುವ ಹೊತ್ತಿಗೆ ಆ ತಂಡವನ್ನು ಪಟ್ಟಿಯ ತುದಿಗೇರಿಸಿ, ಪ್ಲೇ ಆಫ್ ಪಂದ್ಯಗಳನ್ನು ತಮ್ಮೂರಿನಲ್ಲೇ ಆಡುವಂತೆ ಮಾಡಿದ್ದವರು ವೆಂಟ್ಜ್. ಅದನ್ನೂ ಸೇರಿಸಿ ಹೇಳಿ.

ಕೊಲಂಬಸ್_ವಾಸಿ

ನಾಲ್ಕನೇ ಸರದಿಯ ಬಗ್ಗೆ ನನ್ನ ಖಚಿತ ಅಭಿಪ್ರಾಯ: ಒಹಾಯೊ ಸ್ಟೇಟ್‌ನ ಕಾರ್ನರ್‌ಬ್ಯಾಕ್ (ಎದುರಾಳಿ ರಿಸೀವರ್‌ಗಳನ್ನು ತಡೆಯುವವನು) ಡೆನ್ಜಲ್ ವಾರ್ಡ್. ಎಲ್ಲರೂ ನಾರ್ತ್ ಕ್ಯಾರೊಲೈನಾ ಸ್ಟೇಟ್‌ನ ಬ್ರಾಡ್ಲಿ ಚಬ್ ಎನ್ನುತ್ತಿದ್ದಾರೆ, ಅವರು ಒಳ್ಳೆಯ ಆಟಗಾರರೇ. ಆದರೆ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನ ಮೇಲೆ ನುಗ್ಗಲು ನಮ್ಮಲ್ಲಿ ಮೈಲ್ಸ್ ಗ್ಯಾರೆಟ್ ಇದ್ದಾರೆ. 11 ಪಂದ್ಯ ಆಡಿಯೇ 7 ಸ್ಯಾಕ್ (ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಗಳಿಸಿದವರು. ಎಮಾನುಯಲ್ ಓಗ್ಬಾ ಕೂಡ ಇದ್ದಾರೆ. ಹಿಂದಿನ ಸಾಲು ಮಾತ್ರ ಬರಿದಾಗಿದೆ. ಜೋ ಹೇಡನ್‌ರನ್ನು ಕಳೆದ ಆಗಸ್ಟ್‌ನಲ್ಲಿ ಬಿಟ್ಟೆವು, ಅವರು ನೇರವಾಗಿ ಪಿಟ್ಸ್‌ಬರ್ಗ್ ಸೇರಿದರು. ಇನ್ನೊಬ್ಬ ಕಾರ್ನರ್‌ಬ್ಯಾಕ್ ಮಕೋರ್ಟಿಯೂ ಹೋದರು. ವರ್ಷಕ್ಕೆ ಎರಡು ಸಲ ಆಂಟೋನಿಯೊ ಬ್ರೌನ್, ಎರಡು ಸಲ ಎ. ಜೆ. ಗ್ರೀನ್ ಎಂಬ ರಿಸೀವರ್‌ಗಳನ್ನು ಎದುರಿಸಬೇಕಾದ ತಂಡಕ್ಕೆ ನಂಬಿಕಸ್ಥ ಕಾರ್ನರ್‌ಬ್ಯಾಕ್ ಅತ್ಯಗತ್ಯ. ವಾರ್ಡ್ 40 ಗಜವನ್ನು 4.32 ಸೆಕೆಂಡಿನಲ್ಲಿ ಓಡುತ್ತಾರೆ. ಕ್ಲೀವ್‌ಲ್ಯಾಂಡ್ ಪಕ್ಕದ ಮ್ಯಾಸಿಡೋನಿಯಾದ ಹುಡುಗ ಬೇರೆ.

ಮಂಗಳೂರು_ಮೂಲ_ಅಕ್ರನ್

ವಾರ್ಡ್ ಒಳ್ಳೆಯ ಹುಡುಗ, ನಮ್ಮ ಕಡೆಯವನೇ. ಆದರೆ 5 ಅಡಿ 11 ಇಂಚು ಎತ್ತರ, 183 ಪೌಂಡ್ ತೂಕ. ಗ್ರೀನ್ ಅವರ ಮುಂದೆ ನಿಂತರೆ ಅರ್ಧ ಅಡಿಯ ವ್ಯತ್ಯಾಸ ಬರುತ್ತದೆ. ಚಬ್ ಬಂದರೆ ಗ್ಯಾರೆಟ್ ಮೇಲೆ ಇಬ್ಬರು ಬೀಳುವುದು ತಪ್ಪುತ್ತದೆ, ಎಸೆಯುವವನಿಗೇ ಸಮಯವಿಲ್ಲದಿದ್ದರೆ ಹಿಂದಿನ ಸಾಲಿನ ಕೆಲಸ ತಾನಾಗಿ ಹಗುರಾಗುತ್ತದೆ.

ಎರಿ_ತೀರದ_ಕನ್ನಡಿಗ

ಇದರಲ್ಲಿ ನಾನು ಕೊಲಂಬಸ್‌ನವರ ಪಕ್ಷ. ಈಗಿನ ಕ್ವಾರ್ಟರ್‌ಬ್ಯಾಕ್‌ಗಳು ಎರಡೂವರೆ ಸೆಕೆಂಡಿನೊಳಗೆ ಚೆಂಡು ಬಿಟ್ಟುಬಿಡುತ್ತಾರೆ. ಅಷ್ಟರೊಳಗೆ ಯಾವ ಚಬ್ ಕೂಡ ತಲುಪುವುದಿಲ್ಲ, ಮೊದಲ ಹೆಜ್ಜೆಯಿಂದಲೇ ಅಂಟಿಕೊಂಡಿರುವ ಕಾರ್ನರ್‌ಬ್ಯಾಕ್ ಮಾತ್ರ ತಡೆಯಬಲ್ಲ. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಗಾರ್ಡ್ ಸ್ಥಾನದ ಕ್ವೆಂಟನ್ ನೆಲ್ಸನ್ ಈ ಡ್ರಾಫ್ಟ್‌ನ ಅತಿ ಸುರಕ್ಷಿತ ಆಯ್ಕೆ ಎನಿಸಿದರೂ ಬಿಟೋನಿಯೊ, ಜೈಟ್ಲರ್ ಇಬ್ಬರೂ ಆ ಜಾಗಗಳಲ್ಲಿ ಗಟ್ಟಿಯಾಗಿ ಕುಳಿತಿರುವುದರಿಂದ ನಮಗೆ ಬೇಕಿಲ್ಲ.

ಪೆನ್_ಸ್ಟೇಟ್_ಮಾಜಿ

ಸರಿ, ಬಾರ್ಕ್ಲಿ ಬೇಡವೆಂದೇ ಆಯಿತು. ಹಾಗಾದರೆ ಓಡುವವರು ಯಾರು? ಕ್ರೋವೆಲ್ ಜೆಟ್ಸ್‌ಗೆ ಹೋದರು, ಕಾರ್ಲೋಸ್ ಹೈಡ್ ಒಬ್ಬರನ್ನೇ ನಂಬಿ ಹದಿನಾರು ಪಂದ್ಯ ಕಳೆಯಲಾಗುತ್ತದೆಯೇ?

ಶಿವಮೊಗ್ಗ_ಟು_ಚಿಕಾಗೊ

33 ಅಥವಾ 35ರಲ್ಲಿ ಜಾರ್ಜಿಯಾದ ರನ್ನಿಂಗ್ ಬ್ಯಾಕ್ ನಿಕ್ ಚಬ್ (ಮೇಲೆ ಹೇಳಿದ ಬ್ರಾಡ್ಲಿ ಬೇರೆ). ಕಾಲೇಜಿನಲ್ಲಿ ಒಟ್ಟು 4,769 ಗಜ ಓಡಿದ್ದಾರೆ, ಅವರ ಕೂಟದ ಇತಿಹಾಸದಲ್ಲಿ ಅದಕ್ಕಿಂತ ಹೆಚ್ಚು ಓಡಿದವರು ಹರ್ಷಲ್ ವಾಕರ್ ಒಬ್ಬರೇ. 2015ರ ಮೊಣಕಾಲಿನ ಗಾಯದ ಕಾರಣಕ್ಕೆ ಮೊದಲ ಸುತ್ತು ದಾಟಿ ಬರುವ ಸಂಭವವಿದೆ. ಮೊದಲು ಮೇಫೀಲ್ಡ್, ನಾಲ್ಕಕ್ಕೆ ವಾರ್ಡ್, ಎರಡನೇ ಸುತ್ತಿನಲ್ಲಿ ಚಬ್ ಮತ್ತು ಒಬ್ಬ ಟ್ಯಾಕಲ್ ಬಂದರೆ ನನಗೆ ತೃಪ್ತಿ.

ಮಂಗಳೂರು_ಮೂಲ_ಅಕ್ರನ್

33ರಲ್ಲಿ ಟ್ಯಾಕಲ್, 35ರಲ್ಲಿ ಚಬ್. ಆ ಕ್ರಮ ಅದಲುಬದಲಾಗಬಾರದು. ಚಬ್ ಇನ್ನೆರಡು ಸರದಿ ಕಾದರೂ ಸಿಕ್ಕಾರು, ಎಡಬದಿಯನ್ನು ಕಾಯಬಲ್ಲವರು ಈ ವರ್ಷ ಬೆರಳೆಣಿಕೆಯಷ್ಟು ಮಂದಿ.

ಪೆನ್_ಸ್ಟೇಟ್_ಮಾಜಿ

ನಡುವಿನ 34ನೇ ಸರದಿ ಜೈಂಟ್ಸ್‌ದು. ಅವರು ಎರಡರಲ್ಲಿ ಕ್ವಾರ್ಟರ್‌ಬ್ಯಾಕ್ ಕರೆದಿದ್ದರೆ 34ರಲ್ಲಿ ರನ್ನಿಂಗ್ ಬ್ಯಾಕ್ ಹುಡುಕುತ್ತಾರೆ, ಆಗ ಚಬ್ ಕೈತಪ್ಪುತ್ತಾರೆ. ಎರಡರಲ್ಲೇ ಬಾರ್ಕ್ಲಿಯನ್ನು ಕರೆದಿದ್ದರೆ ಮಾತ್ರ ನೀವು ಹೇಳಿದ ಕ್ರಮದಲ್ಲಿ ನಿಶ್ಚಿಂತೆಯಿಂದ ಕಾಯಬಹುದು. ಆದ್ದರಿಂದ 33ರ ನಿರ್ಧಾರವನ್ನು ಗುರುವಾರ ರಾತ್ರಿ ಜೈಂಟ್ಸ್ ಏನು ಮಾಡುತ್ತದೆ ಎಂದು ನೋಡಿದ ಮೇಲೆ ಮಾಡುವುದು ಒಳಿತು.